ಆದರೆ, ಇಲ್ಲವಾದರೆ, ಉಳಿದವರು: ಫಲಿತಾಂಶ ಪಟ್ಟಿಯ ಷರತ್ತು ಸೂತ್ರಗಳು

ಒಂದು ವಿದ್ಯಾಸಂಸ್ಥೆಯ ವರ್ಷದ ದುಡಿಮೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಫಲಿತಾಂಶದ ಪಟ್ಟಿಯಲ್ಲಿ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಬ್ಬ ವಿದ್ಯಾರ್ಥಿಯ ಹತ್ತು ವರ್ಷಗಳ ಓದು, ತಂದೆತಾಯಿಗಳ ನಿರೀಕ್ಷೆ, ಗುರುಗಳ ಶ್ರಮ ಇರುತ್ತವೆ. ಮೊದಲು ಈ ಪಟ್ಟಿಯನ್ನು ಶಿಕ್ಷಕರು ಕೈಯಿಂದ ಬರೆಯುತ್ತಿದ್ದರು. ಒಬ್ಬರು ಓದಿ ಹೇಳಿದರೆ ಇನ್ನೊಬ್ಬರು ತಾಳೆ ನೋಡುತ್ತಿದ್ದರು. ಇಂದು ಆ ಕೆಲಸ ಗಣಕಯಂತ್ರಕ್ಕೆ ಸೇರಿದೆ. ಅಂಕಗಳನ್ನು ತುಂಬಿದರೆ ಸಾಕು. ಒಟ್ಟು ಮೊತ್ತ, ಶೇಕಡಾವಾರು, ಶ್ರೇಣಿ, ದತ್ತಿ ಬಹುಮಾನಕ್ಕೆ ಅರ್ಹತೆ, ಇವೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧವಾಗುತ್ತವೆ. ಆದರೆ ಆ ಯಂತ್ರ ಸ್ವತಃ ಏನನ್ನೂ ನಿರ್ಣಯಿಸುವುದಿಲ್ಲ. ಯಾರೋ ಒಬ್ಬರು ಬರೆದಿಟ್ಟ ಒಂದು ಸೂತ್ರ ನಿರ್ಣಯಿಸುತ್ತದೆ. ಆ ಸೂತ್ರವನ್ನು ಬರೆಯುವ ಕ್ರಮವನ್ನೂ ಅದು ಎಡವುವ ಸ್ಥಳಗಳನ್ನೂ ಅರಿಯುವುದು ಶಿಕ್ಷಕರಿಗೆ ಮಾತ್ರವಲ್ಲ, ಸಂಸ್ಥೆಯ ಹಿತಚಿಂತಕರಾದ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಅವಶ್ಯವಾಗಿದೆ.

ಷರತ್ತುವಾಕ್ಯದ ಸ್ವರೂಪ

ಒಂದು ಕೋಷ್ಟಕದಲ್ಲಿರುವ ಮಾಹಿತಿಯನ್ನು ಇನ್ನೊಂದು ರೂಪಕ್ಕೆ ತರುವುದನ್ನು ದತ್ತಾಂಶ ರೂಪಾಂತರವೆಂದು ಕರೆಯುತ್ತಾರೆ. 540 ಎಂಬ ಮೊತ್ತವನ್ನು 'ಎ' ಶ್ರೇಣಿಯೆಂದು ಬರೆಯುವುದು ಇದರ ಸರಳ ಉದಾಹರಣೆ. ಇಂಥ ರೂಪಾಂತರಕ್ಕೆ ಎಕ್ಸೆಲ್, ಪವರ್ ಕ್ವೆರಿ, ಎಸ್‌ಕ್ಯೂಎಲ್ ಮೊದಲಾದ ಅನೇಕ ಸಾಧನಗಳು ಬಳಕೆಯಲ್ಲಿವೆ. ಅವೆಲ್ಲದರಲ್ಲಿಯೂ ಒಂದು ಬಗೆಯ ವಾಕ್ಯ ಸಮಾನವಾಗಿದೆ: 'ಹೀಗಿದ್ದರೆ ಇದು, ಹಾಗಿದ್ದರೆ ಅದು, ಮತ್ತೊಂದು ರೀತಿಯಾಗಿದ್ದರೆ ಬೇರೊಂದು, ಉಳಿದುದಕ್ಕೆ ಇನ್ನೊಂದು.' ಒಂದೇ ಪ್ರಶ್ನೆಗೆ ಎರಡಕ್ಕಿಂತ ಹೆಚ್ಚು ಫಲಗಳುಳ್ಳ ಈ ವಾಕ್ಯವನ್ನು ಬಹುಫಲದ ಷರತ್ತುವಾಕ್ಯವೆನ್ನಬಹುದು.

ಇದು ಪರದೇಶದಿಂದ ಬಂದ ವಿಚಾರವೆಂದು ಅಂಜಬೇಕಾಗಿಲ್ಲ. ನರೇಗಲ್ ಸೀಮೆಯ ಎರೆಭೂಮಿಯ ರೈತನು ತಲೆಮಾರುಗಳಿಂದ ಇದೇ ವಾಕ್ಯವನ್ನು ಆಡುತ್ತ ಬಂದಿದ್ದಾನೆ. ಮುಂಗಾರಿನಲ್ಲಿ ಸಕಾಲಕ್ಕೆ ಹದಮಳೆಯಾದರೆ ಹೆಸರು ಬಿತ್ತುವುದು. ಅದು ತಪ್ಪಿದರೆ ಹೊಲವನ್ನು ಹರಗಿ ಹಿಂಗಾರಿಗೆ ಕಾಯ್ದಿರಿಸಿ, ಆಗ ಹದವಾದರೆ ಜೋಳವನ್ನೋ ಕಡಲೆಯನ್ನೋ ಬಿತ್ತುವುದು. ಅದೂ ತಪ್ಪಿದರೆ ಹೊಲವನ್ನು ಬೀಳು ಬಿಡುವುದು. ಈ ಮಾತಿನಲ್ಲಿ ಮೂರು ಗುಣಗಳಿವೆ. ಮೊದಲನೆಯದು ಕ್ರಮ: ಮುಂಗಾರಿನ ಪ್ರಶ್ನೆ ಮುಗಿಯದೆ ಹಿಂಗಾರಿನ ಪ್ರಶ್ನೆ ಏಳುವುದಿಲ್ಲ. ಎರಡನೆಯದು ಏಕಫಲ: ಯಾವ ಪ್ರಶ್ನೆಗೆ ಮೊದಲು 'ಹೌದು' ಎಂಬ ಉತ್ತರ ದೊರೆಯುತ್ತದೆಯೋ ಅದರ ಫಲವೊಂದೇ ಜಾರಿಗೆ ಬರುತ್ತದೆ. ಮೂರನೆಯದು ಪೂರ್ಣತೆ: ಯಾವ ಮಳೆಯೂ ಆಗದಿದ್ದರೂ ಹೊಲಕ್ಕೊಂದು ಗತಿಯನ್ನು ಹೇಳಿಯೇ ಇರುತ್ತಾನೆ. ಗಣಕಯಂತ್ರದ ಷರತ್ತುವಾಕ್ಯ ಚೆನ್ನಾಗಿದೆಯೆ ಎಂದು ಪರೀಕ್ಷಿಸಲು ಈ ಮೂರು ಗುಣಗಳೇ ಒರೆಗಲ್ಲು.

ಸ್ವಲ್ಪ ಇತಿಹಾಸ

ಯಂತ್ರಕ್ಕೆ ಈ ಮಾತನ್ನು ಕಲಿಸಿದ ಇತಿಹಾಸ ಬಹಳ ಹಳೆಯದೇನಲ್ಲ. ಐಬಿಎಂ ಸಂಸ್ಥೆಯು 1957ರಲ್ಲಿ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಸಂಖ್ಯೆ ಋಣವೋ, ಸೊನ್ನೆಯೋ, ಧನವೋ ಎಂಬುದನ್ನು ನೋಡಿ ಮೂರು ದಾರಿಗಳಲ್ಲೊಂದನ್ನು ಹಿಡಿಯುವ ಆಜ್ಞೆ ಇದ್ದಿತು. ಅದು ದಾರಿಯನ್ನು ಬದಲಿಸುತ್ತಿತ್ತೇ ಹೊರತು ತಾನೇ ಒಂದು ಬೆಲೆಯಾಗುತ್ತಿರಲಿಲ್ಲ. ಅಮೇರಿಕದ ಗಣಿತಜ್ಞ ಜಾನ್ ಮೆಕಾರ್ಥಿಯವರು 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಷರತ್ತನ್ನು ಒಂದು ಗಣಿತೋಕ್ತಿಯಾಗಿ ನಿರೂಪಿಸಿದರು. ಷರತ್ತುಗಳನ್ನೂ ಅವುಗಳ ಫಲಗಳನ್ನೂ ಜೋಡಿ ಜೋಡಿಯಾಗಿ ಬರೆಯಬೇಕು. ಎಡದಿಂದ ನೋಡುತ್ತ ಹೋಗಿ ಮೊದಲು ಸತ್ಯವಾದ ಷರತ್ತಿನ ಫಲವೇ ಇಡೀ ಉಕ್ತಿಯ ಬೆಲೆ. ಯಾವುದೂ ಸತ್ಯವಾಗದಿದ್ದರೆ ಉಕ್ತಿಗೆ ಬೆಲೆಯೇ ಇಲ್ಲ. ಸತ್ಯವಾದ ಷರತ್ತಿಗಿಂತ ಮೊದಲೇ ಬೆಲೆಯಿಲ್ಲದ ಷರತ್ತೊಂದು ಎದುರಾದರೂ ಉಕ್ತಿ ಬೆಲೆ ಕಳೆದುಕೊಳ್ಳುತ್ತದೆ. ಈ ಕೊನೆಯ ಎರಡು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇಂದು ಶಾಲೆಯ ಪಟ್ಟಿಗಳಲ್ಲಿ ಕಾಣುವ ತೊಡಕುಗಳಲ್ಲಿ ಅನೇಕವು ಅಲ್ಲಿಯೇ ಹುಟ್ಟುತ್ತವೆ.

ದತ್ತಾಂಶ ಭಂಡಾರಗಳ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕದಲ್ಲಿ 'ಕೇಸ್' ಎಂಬ ಹೆಸರಿನಿಂದ ಈ ಉಕ್ತಿ ಸ್ಥಾನ ಪಡೆಯಿತು. 1985ರಲ್ಲಿ ಮೊದಲು ಹೊರಬಂದ ಎಕ್ಸೆಲ್‌ನಲ್ಲಿ 'ಇಫ್' ಎಂಬ ಸೂತ್ರವಿದೆ. ಅದು ಎರಡೇ ಫಲಗಳನ್ನು ಬಲ್ಲದು. ಹೆಚ್ಚು ಫಲಗಳು ಬೇಕಾದಾಗ ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನಿಟ್ಟು ಹೆಣೆಯಬೇಕು. ಬಹುಕಾಲದವರೆಗೆ ಹೀಗೆ 7 ಪದರಗಳಷ್ಟೇ ಸಾಧ್ಯವಿದ್ದವು. 2007ರ ಆವೃತ್ತಿಯಿಂದ ಅದು 64ಕ್ಕೆ ಏರಿತು. ಮುಂದೆ ಜೋಡಿಗಳನ್ನು ಸಾಲಾಗಿ ಬರೆಯುವ 'ಇಫ್ಸ್' ಎಂಬ ಸೂತ್ರವೂ ಬಂದಿತು. 64 ಪದರಗಳು ಸಾಧ್ಯವೆಂಬುದು ಯಂತ್ರದ ಹೆಚ್ಚುಗಾರಿಕೆ. ಅಷ್ಟು ಪದರಗಳ ಸೂತ್ರವನ್ನು ಓದಿ ತಿಳಿಯುವುದು ಮನುಷ್ಯನಿಗೆ ಸುಲಭವಲ್ಲ.

ಶ್ರೇಣಿಯ ಉದಾಹರಣೆ

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಪರಿಚಿತ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಪ್ರಥಮ ಭಾಷೆಗೆ 125 ಮತ್ತು ಉಳಿದ ಐದು ವಿಷಯಗಳಿಗೆ ತಲಾ 100ರಂತೆ ಒಟ್ಟು 625 ಅಂಕಗಳು. ಉತ್ತೀರ್ಣತೆಗೆ ಶೇಕಡಾ 35 ಬೇಕಾಗಿದ್ದ ವರ್ಷಗಳಲ್ಲಿ ಶ್ರೇಣಿಗಳು ಹೀಗಿದ್ದವು: 563ರಿಂದ 625ರವರೆಗೆ ಎ+, 500ರಿಂದ 562ರವರೆಗೆ ಎ, 438ರಿಂದ 499ರವರೆಗೆ ಬಿ+, 375ರಿಂದ 437ರವರೆಗೆ ಬಿ, 313ರಿಂದ 374ರವರೆಗೆ ಸಿ+, 219ರಿಂದ 312ರವರೆಗೆ ಸಿ.

ಇದನ್ನು ಸೂತ್ರವಾಗಿಸುವಾಗ ಎಲ್ಲ ಮಿತಿಗಳನ್ನೂ ಎರಡೆರಡು ಸಲ ಬರೆಯಬೇಕಾಗಿಲ್ಲ. 'ಮೊತ್ತ 563 ಅಥವಾ ಹೆಚ್ಚಾದರೆ ಎ+. ಇಲ್ಲವಾದರೆ, 500 ಅಥವಾ ಹೆಚ್ಚಾದರೆ ಎ. ಇಲ್ಲವಾದರೆ, 438 ಅಥವಾ ಹೆಚ್ಚಾದರೆ ಬಿ+' ಎಂದು ಮೇಲಿನಿಂದ ಇಳಿಯುತ್ತ ಹೋದರೆ ಸಾಕು. ಎರಡನೆಯ ಪ್ರಶ್ನೆಗೆ ಬಂದ ವಿದ್ಯಾರ್ಥಿ 563ಕ್ಕಿಂತ ಕಡಿಮೆಯವನೆಂಬುದು ಮೊದಲ ಪ್ರಶ್ನೆಯಲ್ಲಿಯೇ ತೀರ್ಮಾನವಾಗಿರುತ್ತದೆ. ಕ್ರಮವೇ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ.

ಆದರೆ ಇದೇ ಸೂತ್ರವನ್ನು ಕೆಳಗಿನಿಂದ ಮೇಲಕ್ಕೆ ಬರೆದು ನೋಡಿರಿ. 'ಮೊತ್ತ 219 ಅಥವಾ ಹೆಚ್ಚಾದರೆ ಸಿ' ಎಂಬುದು ಮೊದಲ ಪ್ರಶ್ನೆಯಾದರೆ 600 ಅಂಕ ಪಡೆದ ವಿದ್ಯಾರ್ಥಿನಿಯೂ ಅಲ್ಲಿಯೇ 'ಹೌದು' ಎನಿಸಿಕೊಂಡು ಸಿ ಶ್ರೇಣಿಯಲ್ಲಿ ನಿಂತುಬಿಡುತ್ತಾಳೆ. ಸೂತ್ರದಲ್ಲಿ ವ್ಯಾಕರಣದ ದೋಷವಿಲ್ಲವಾದ್ದರಿಂದ ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ವಿಶೇಷ ನಿಯಮವು ಸಾಮಾನ್ಯ ನಿಯಮಕ್ಕಿಂತ ಪ್ರಬಲವೆಂಬುದು ನಮ್ಮ ವೈಯಾಕರಣರಿಗೆ ತಿಳಿದ ಮಾತು. ಉತ್ಸರ್ಗ ಮತ್ತು ಅಪವಾದ ಎಂಬ ಹೆಸರುಗಳಿಂದ ಶಾಸ್ತ್ರವು ಇದನ್ನು ವಿವೇಚಿಸಿದೆ. ಶಾಸ್ತ್ರದಲ್ಲಿ ಅಪವಾದವು ಎಲ್ಲಿದ್ದರೂ ಉತ್ಸರ್ಗವನ್ನು ಬಾಧಿಸುತ್ತದೆ. ಯಂತ್ರಕ್ಕೆ ಆ ವಿವೇಕವಿಲ್ಲ. ಅದಕ್ಕೆ ಮೊದಲು ಬಂದುದೇ ಪ್ರಬಲ. ಆದುದರಿಂದ ಅಪವಾದವನ್ನು ಮೊದಲು, ಉತ್ಸರ್ಗವನ್ನು ಕೊನೆಗೆ ಬರೆಯುವ ಹೊಣೆ ಬರೆಯುವವರ ಮೇಲಿದೆ.

ಅಂಚಿನಲ್ಲಿ ನಿಂತ ಮಕ್ಕಳು

ಶ್ರೇಣಿಯ ನಡುವಿನಲ್ಲಿರುವ ವಿದ್ಯಾರ್ಥಿಗೆ ಸೂತ್ರದಿಂದ ಅಪಾಯವಿಲ್ಲ. ಅಪಾಯವಿರುವುದು ಗೆರೆಯ ಮೇಲೆ ನಿಂತವರಿಗೆ. 625ರ ಶೇಕಡಾ 90 ಎಂದರೆ 562.5, ಆದುದರಿಂದಲೇ ಎ+ ಶ್ರೇಣಿ 563ರಿಂದ ಮೊದಲಾಗುತ್ತದೆ. 562 ಅಂಕಗಳು ಶೇಕಡಾ 89.92. ದಶಾಂಶಗಳನ್ನು ಮರೆಮಾಡಿದ ಕೋಷ್ಟಕದಲ್ಲಿ ಇದು 90 ಎಂದೇ ಕಾಣುತ್ತದೆ. ಎದುರಿಗೆ ಮಾತ್ರ ಎ ಎಂದು ಬರೆದಿರುತ್ತದೆ. ಪಾಲಕರು ಕೇಳಿದರೆ ಉತ್ತರಿಸುವುದು ಕಷ್ಟ. ಕೋಶದಲ್ಲಿ ಕಾಣುವ ಅಂಕಿ ಬೇರೆ, ಸೂತ್ರವು ಓದುವ ಅಂಕಿ ಬೇರೆ ಎಂಬ ಸಂಗತಿಯನ್ನು ಸ್ಪ್ರೆಡ್‌ಶೀಟ್ ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಹಾಗೆಯೇ 218 ಅಂಕಗಳು ಶೇಕಡಾ 34.88, ಹಾಳೆಯ ಮೇಲೆ 35 ಎಂದು ಕಾಣುತ್ತಿದ್ದರೂ ಆಗಿನ ನಿಯಮದಂತೆ ಅದು ಉತ್ತೀರ್ಣತೆಯ ಗೆರೆಯನ್ನು ಮುಟ್ಟಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಉದಾಹರಣೆಯೊಂದು ಇತ್ತೀಚಿನದು. ರಾಜ್ಯ ಸರಕಾರವು 2025ರ ಅಕ್ಟೋಬರಿನಲ್ಲಿ, 2025-26ನೆಯ ಸಾಲಿನಿಂದ ಎಸ್.ಎಸ್.ಎಲ್.ಸಿ. ಉತ್ತೀರ್ಣತೆಗೆ ಒಟ್ಟಾರೆ ಶೇಕಡಾ 33, ಅಂದರೆ 625ಕ್ಕೆ ಕನಿಷ್ಠ 206 ಅಂಕಗಳು ಸಾಕೆಂದೂ ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡಾ 30 ಇರಬೇಕೆಂದೂ ಪ್ರಕಟಿಸಿತು. 625ರ ಶೇಕಡಾ 33 ಕರಾರುವಾಕ್ಕಾಗಿ 206.25. ಹಾಗಾದರೆ 206 ಅಂಕ ಪಡೆದ ವಿದ್ಯಾರ್ಥಿಯ ಶೇಕಡಾವಾರು 32.96 ಮಾತ್ರ. ಸೂತ್ರದಲ್ಲಿ 'ಶೇಕಡಾವಾರು 33 ಅಥವಾ ಹೆಚ್ಚಾದರೆ ಉತ್ತೀರ್ಣ' ಎಂದು ಬರೆದರೆ ಸರಕಾರವು ಉತ್ತೀರ್ಣನೆಂದ ಮಗುವನ್ನು ಶಾಲೆಯ ಹಾಳೆಯು ಅನುತ್ತೀರ್ಣನೆನ್ನುತ್ತದೆ. 'ಮೊತ್ತ 206 ಅಥವಾ ಹೆಚ್ಚಾದರೆ' ಎಂದು ಬರೆದರೆ ಮಾತ್ರ ನ್ಯಾಯ ಸಿಗುತ್ತದೆ. ನಿಯಮವು ಅಂಕದಲ್ಲಿ ಹೇಳಿದ್ದನ್ನು ಅಂಕದಲ್ಲಿಯೇ, ಶೇಕಡಾದಲ್ಲಿ ಹೇಳಿದ್ದನ್ನು ಶೇಕಡಾದಲ್ಲಿಯೇ ಬರೆಯಬೇಕು. ಒಂದನ್ನು ಇನ್ನೊಂದಕ್ಕೆ ಬದಲಿಸುವ ಸ್ವಾತಂತ್ರ್ಯ ಸೂತ್ರ ಬರೆಯುವವರಿಗಿಲ್ಲ.

ವಿಷಯವಾರು ಪರೀಕ್ಷೆಯಲ್ಲಿಯೂ ಇಂಥ ಎಡವಟ್ಟಿಗೆ ಅವಕಾಶವಿದೆ. ಆರು ವಿಷಯಗಳಿಗೂ ಒಂದೇ ಸಂಖ್ಯೆಯ ಗೆರೆಯನ್ನು ಎಳೆದರೆ 125 ಅಂಕಗಳ ಪ್ರಥಮ ಭಾಷೆಗೆ ಅದು ಹೊಂದುವುದಿಲ್ಲ. 100ರಲ್ಲಿ 30 ಶೇಕಡಾ 30 ಆಗುತ್ತದೆ. 125ರಲ್ಲಿ 30 ಕೇವಲ ಶೇಕಡಾ 24.

ಖಾಲಿ ಕೋಶ ಮತ್ತು ಗೈರುಹಾಜರಿ

ಮೊದಲ ಷರತ್ತಿನಿಂದ ಕೊನೆಯದರವರೆಗೆ ಎಲ್ಲವೂ ಸಂಖ್ಯೆಗಳ ಮಾತೇ ಆಗಿದ್ದರೆ ಕೆಲಸ ಸುಲಭವಿತ್ತು. ಆದರೆ ನಿಜವಾದ ಪಟ್ಟಿಯಲ್ಲಿ ಸಂಖ್ಯೆಯಲ್ಲದ ಸಂಗತಿಗಳೂ ಇರುತ್ತವೆ. ಒಬ್ಬನು ಜ್ವರದಿಂದ ಪರೀಕ್ಷೆಗೆ ಗೈರಾಗಿರುತ್ತಾನೆ. ಒಬ್ಬಳ ಅಂಕ ಇನ್ನೂ ಬಂದಿರುವುದಿಲ್ಲ. ಇನ್ನೊಬ್ಬರ ಫಲಿತಾಂಶವನ್ನು ತಡೆಹಿಡಿದಿರುತ್ತಾರೆ. ಈ ಮೂರೂ ಬೇರೆ ಬೇರೆ ಸ್ಥಿತಿಗಳು. ಗುಮಾಸ್ತರು ಒಂದು ಕೋಶದಲ್ಲಿ 'ಗೈರು' ಎಂದು ಬರೆದಿರಬಹುದು, ಇನ್ನೊಂದನ್ನು ಖಾಲಿ ಬಿಟ್ಟಿರಬಹುದು. ಸೂತ್ರವು ಇವನ್ನು ಹೇಗೆ ಓದುತ್ತದೆ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆಯಾಗುತ್ತದೆ.

ಎಕ್ಸೆಲ್‌ನಲ್ಲಿ ಅಕ್ಷರಗಳನ್ನೂ ಸಂಖ್ಯೆಗಳನ್ನೂ ಹೋಲಿಸಿದರೆ ಅಕ್ಷರವೇ ದೊಡ್ಡದು. ಆದುದರಿಂದ ''ಗೈರು' ಎಂಬುದು 35 ಅಥವಾ ಹೆಚ್ಚೆ?' ಎಂದು ಕೇಳಿದರೆ ಅದು ನಿಸ್ಸಂಕೋಚವಾಗಿ 'ಹೌದು' ಎನ್ನುತ್ತದೆ. ಪರೀಕ್ಷೆಗೆ ಬಾರದ ವಿದ್ಯಾರ್ಥಿ ಆ ವಿಷಯದಲ್ಲಿ ಉತ್ತೀರ್ಣನಾಗುತ್ತಾನೆ! ಮೊತ್ತವನ್ನು ಕೂಡಿಸುವ 'ಸಮ್' ಸೂತ್ರವು ಅಕ್ಷರಗಳಿರುವ ಕೋಶವನ್ನು ಸುಮ್ಮನೆ ದಾಟಿಹೋಗುವುದರಿಂದ ಅಲ್ಲಿಯೂ ದೋಷ ಬಯಲಾಗುವುದಿಲ್ಲ. ಉಳಿದ ವಿಷಯಗಳ ಮೊತ್ತವೇ ಸಾಕಷ್ಟಿದ್ದರೆ ಅವನಿಗೆ ಶ್ರೇಣಿಯೂ ದೊರೆಯುತ್ತದೆ. ಖಾಲಿ ಕೋಶದ ಗತಿ ಇದಕ್ಕೆ ವಿರುದ್ಧ: ಹೋಲಿಕೆಯಲ್ಲಿ ಅದು ಸೊನ್ನೆಯೆಂದು ಪರಿಗಣಿತವಾಗಿ, ಅಂಕ ಬಾರದ ವಿದ್ಯಾರ್ಥಿನಿ ಅನುತ್ತೀರ್ಣಳಾಗುತ್ತಾಳೆ.

ಎಸ್‌ಕ್ಯೂಎಲ್‌ನಲ್ಲಿ ಇಲ್ಲದ ಬೆಲೆಗೆ 'ನಲ್' ಎಂದು ಹೆಸರು. ನಲ್ ಅನ್ನು ಯಾವುದರೊಡನೆ ಹೋಲಿಸಿದರೂ ಉತ್ತರ 'ಹೌದು' ಅಲ್ಲ, 'ಅಲ್ಲ' ಎಂಬುದೂ ಅಲ್ಲ, 'ತಿಳಿಯದು' ಎಂದಾಗುತ್ತದೆ. 'ತಿಳಿಯದು' ಎಂಬುದು ಸತ್ಯವಲ್ಲವಾದ್ದರಿಂದ ಕೇಸ್ ಉಕ್ತಿಯ ಎಲ್ಲ ಷರತ್ತುಗಳನ್ನೂ ದಾಟಿ ಆ ಸಾಲು 'ಎಲ್ಸ್' ಎಂಬ ಕೊನೆಯ ಶಾಖೆಗೆ ಬೀಳುತ್ತದೆ. ಅಲ್ಲಿ 'ಅನುತ್ತೀರ್ಣ' ಎಂದು ಬರೆದಿದ್ದರೆ ಗೈರಾದವರೂ ಅಂಕ ಬಾರದವರೂ ಅನುತ್ತೀರ್ಣರ ಸಾಲಿಗೆ ಸೇರುತ್ತಾರೆ. ಕೊನೆಯ ಶಾಖೆಯನ್ನೇ ಬರೆಯದಿದ್ದರೆ ಫಲವೂ ನಲ್ ಆಗುತ್ತದೆ. ಪವರ್ ಕ್ವೆರಿ ಮಾತ್ರ ಬೇರೆ ದಾರಿಯನ್ನು ಹಿಡಿಯುತ್ತದೆ: ನಲ್ ಅನ್ನು ಸಂಖ್ಯೆಯೊಡನೆ ಹೋಲಿಸಿದ ಫಲವು ಹೌದು-ಅಲ್ಲಗಳಲ್ಲಿ ಒಂದಲ್ಲವಾದ್ದರಿಂದ ಅದು ಮುಂದೆ ಹೋಗದೆ ಆ ಕೋಶದಲ್ಲಿ ದೋಷವನ್ನು ತೋರಿಸುತ್ತದೆ. ಮೇಲ್ನೋಟಕ್ಕೆ ಇದು ಕಿರಿಕಿರಿಯೆನಿಸಿದರೂ ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದುದು ಇದೇ. ತಿಳಿಯದುದನ್ನು ತಿಳಿಯದೆಂದು ಹೇಳುವ ಯಂತ್ರವು ತಪ್ಪನ್ನು ಸರಿಯೆಂದು ಹೇಳುವ ಯಂತ್ರಕ್ಕಿಂತ ಮೇಲು.

ಈ ವಿವರಣೆಯಿಂದ ಹೊರಡುವ ನಿಯಮ ಸ್ಪಷ್ಟವಾಗಿದೆ. ಸಂಖ್ಯೆಯನ್ನು ತೂಗುವ ಮೊದಲು ಅಲ್ಲಿ ಸಂಖ್ಯೆ ಇದೆಯೆ ಎಂದು ಕೇಳಬೇಕು. ತಡೆಹಿಡಿದ ಫಲಿತಾಂಶ, ಗೈರು, ಖಾಲಿ, ಈ ಮೂರು ಪ್ರಶ್ನೆಗಳು ಸೂತ್ರದ ಬಾಗಿಲಲ್ಲಿಯೇ ನಿಲ್ಲಬೇಕು.

ಉಳಿದವರ ಪ್ರಶ್ನೆ

ಷರತ್ತುವಾಕ್ಯದ ಕೊನೆಯ ಶಾಖೆಯನ್ನು ಅನೇಕರು ಅನುತ್ತೀರ್ಣರಿಗೆ ಮೀಸಲಿಡುತ್ತಾರೆ. 'ಮೇಲಿನ ಯಾವುದೂ ಅಲ್ಲದಿದ್ದರೆ ಅನುತ್ತೀರ್ಣ' ಎಂಬುದು ಬರೆಯಲು ಅತ್ಯಂತ ಸುಲಭ. ಆದರೆ ವಿಚಾರಿಸಿ ನೋಡಿದರೆ ಇದು ಅನ್ಯಾಯದ ಬರವಣಿಗೆ. ಸೂತ್ರ ಬರೆದವರ ಅಜಾಗರೂಕತೆ, ಅಂಕ ತುಂಬಿದವರ ಕೈತಪ್ಪು, ಬಾರದ ಅಂಕ, ಇವೆಲ್ಲವುಗಳ ಹೊರೆಯೂ ಆ ಒಂದು ಪದದ ಮೂಲಕ ಮಗುವಿನ ತಲೆಯ ಮೇಲೆ ಬೀಳುತ್ತದೆ. ಅನುತ್ತೀರ್ಣತೆಯೂ ಒಂದು ನಿರ್ಣಯವೇ. ಅದಕ್ಕೂ ಸ್ಪಷ್ಟವಾದ ಷರತ್ತು ಬೇಕು: 'ಆರೂ ವಿಷಯಗಳ ಅಂಕಗಳು ಬಂದಿದ್ದು, ಮೊತ್ತವು ಗೆರೆಗಿಂತ ಕಡಿಮೆಯಾದರೆ ಅಥವಾ ಯಾವುದಾದರೂ ಒಂದು ವಿಷಯದ ಅಂಕವು ಕನಿಷ್ಠಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ.' ಇಷ್ಟಾದ ಮೇಲೆ ಉಳಿಯುವ ಕೊನೆಯ ಶಾಖೆಗೆ 'ಪರಿಶೀಲಿಸಿರಿ' ಎಂಬ ಹೆಸರನ್ನು ಕೊಡಬೇಕು.

ಹಾಗೆ ಮಾಡಿದರೆ ಸೂತ್ರದ ಕ್ರಮ ಇದಾಗುತ್ತದೆ: ಮೊದಲು ತಡೆಹಿಡಿದವರು, ಅನಂತರ ಗೈರಾದವರು, ಅನಂತರ ಅಂಕ ಬಾರದವರು, ಅನಂತರ ಅಸಾಧ್ಯ ಸಂಖ್ಯೆಗಳು, ಅನಂತರ ಅನುತ್ತೀರ್ಣರು, ಬಳಿಕ ಎ+ ನಿಂದ ಸಿ ವರೆಗಿನ ಶ್ರೇಣಿಗಳು, ಕೊನೆಗೆ 'ಪರಿಶೀಲಿಸಿರಿ'. ಅಸಾಧ್ಯ ಸಂಖ್ಯೆಗಳ ಪ್ರಶ್ನೆ ಏಕೆಂದರೆ, '563 ಅಥವಾ ಹೆಚ್ಚು' ಎಂಬ ಷರತ್ತಿಗೆ ಮೇಲಿನ ಮಿತಿ ಇಲ್ಲ. ಬೆರಳು ಜಾರಿ 312ರ ಬದಲು 3120 ಎಂದು ತುಂಬಿದರೂ ಎ+ ಬರುತ್ತದೆ. ಎಲ್ಲವೂ ಸರಿಯಿದ್ದ ದಿನ 'ಪರಿಶೀಲಿಸಿರಿ' ಎಂಬ ಶಾಖೆಯಲ್ಲಿ ಒಂದು ಹೆಸರೂ ಇರುವುದಿಲ್ಲ. ಅಲ್ಲಿ ಒಂದೇ ಒಂದು ಹೆಸರು ಕಂಡರೂ ಆ ಪಟ್ಟಿಯನ್ನು ಸೂಚನಾಫಲಕಕ್ಕೆ ಹಚ್ಚಬಾರದು. 'ಇಫ್ಸ್' ಸೂತ್ರದಲ್ಲಿ ಇಂಥ ಕೊನೆಯ ಶಾಖೆ ತಾನಾಗಿ ಇರುವುದಿಲ್ಲ. ಯಾವಾಗಲೂ ಸತ್ಯವಾಗುವ ಒಂದು ಷರತ್ತನ್ನು ಕೊನೆಯಲ್ಲಿ ಬರೆದು ಅದನ್ನು ಒದಗಿಸಬೇಕಾಗುತ್ತದೆ.

ದತ್ತಿ ಬಹುಮಾನದ ಸೂತ್ರ

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲಿ ದಾನಿಗಳು ಸ್ಥಾಪಿಸಿದ ದತ್ತಿನಿಧಿಗಳು ಹಲವು. ಅವುಗಳ ಷರತ್ತುಗಳನ್ನು ದಾನಿಗಳು ಸಹಜ ಕನ್ನಡದಲ್ಲಿ ಬರೆದುಕೊಟ್ಟಿರುತ್ತಾರೆ. ಉದಾಹರಣೆಗೆ, 'ಎ ಶ್ರೇಣಿ ಪಡೆದ ಮತ್ತು ಹಳ್ಳಿಯಿಂದ ಬರುವ ಅಥವಾ ತಂದೆಯಿಲ್ಲದ ವಿದ್ಯಾರ್ಥಿಗಳಿಗೆ' ಎಂಬ ವಾಕ್ಯವಿದೆ ಎಂದಿಟ್ಟುಕೊಳ್ಳೋಣ. ತಂದೆಯಿಲ್ಲದ ಮಗುವಿಗೂ ಎ ಶ್ರೇಣಿ ಬೇಕೆ, ಬೇಡವೆ? ವಾಕ್ಯವನ್ನು ಎರಡು ರೀತಿಯಾಗಿಯೂ ಓದಬಹುದು. ಮನುಷ್ಯರ ಸಮಿತಿಯಾದರೆ ದಾನಿಯ ಆಶಯವನ್ನು ವಿಚಾರಿಸುತ್ತದೆ. ಯಂತ್ರವು ವಿಚಾರಿಸುವುದಿಲ್ಲ. ಎಸ್‌ಕ್ಯೂಎಲ್‌ನಲ್ಲಿಯೂ ಪವರ್ ಕ್ವೆರಿಯಲ್ಲಿಯೂ 'ಮತ್ತು' ಎಂಬುದು 'ಅಥವಾ' ಎಂಬುದಕ್ಕಿಂತ ಬಿಗಿಯಾಗಿ ಕೂಡುತ್ತದೆ. ಆವರಣ ಚಿಹ್ನೆಯಿಲ್ಲದೆ ಈ ವಾಕ್ಯವನ್ನು ಹಾಗೆಯೇ ಬರೆದರೆ 'ಎ ಶ್ರೇಣಿಯ ಹಳ್ಳಿಯ ಮಕ್ಕಳು' ಒಂದು ಗುಂಪಾಗಿ, 'ಯಾವ ಶ್ರೇಣಿಯೇ ಇರಲಿ, ತಂದೆಯಿಲ್ಲದ ಮಕ್ಕಳೆಲ್ಲ' ಇನ್ನೊಂದು ಗುಂಪಾಗಿ ಅರ್ಹರಾಗುತ್ತಾರೆ. ದಾನಿಯ ಮನಸ್ಸಿನಲ್ಲಿದ್ದುದು ಇದೇ ಆಗಿರಬಹುದು, ಆಗಿರದೆಯೂ ಇರಬಹುದು. ತೀರ್ಮಾನವನ್ನು ಆವರಣ ಚಿಹ್ನೆ ಮಾಡಬಾರದು. ಸಮಿತಿಯು ಮಾಡಿ ಆವರಣ ಚಿಹ್ನೆಯಿಂದ ದಾಖಲಿಸಬೇಕು.

ಮೊದಲನೆಯ, ಎರಡನೆಯ, ಮೂರನೆಯ ಆದ್ಯತೆಗಳೆಂದು ಹಲವು ದತ್ತಿಗಳಿದ್ದಲ್ಲಿ ಕ್ರಮದ ಪ್ರಶ್ನೆಯೂ ಸೇರುತ್ತದೆ. ಒಬ್ಬಳೇ ವಿದ್ಯಾರ್ಥಿನಿ ಎರಡು ದತ್ತಿಗಳಿಗೆ ಅರ್ಹಳಾದರೆ ಷರತ್ತುವಾಕ್ಯವು ಅವಳಿಗೆ ಮೊದಲು ಬರೆದ ದತ್ತಿಯನ್ನು ಮಾತ್ರ ಕೊಡುತ್ತದೆ. ಎರಡನ್ನೂ ಕೊಡಬೇಕೆಂಬುದು ಸಂಸ್ಥೆಯ ಇಚ್ಛೆಯಾಗಿದ್ದರೆ ಒಂದೇ ಬಹುಫಲದ ವಾಕ್ಯ ಸಲ್ಲದು; ಪ್ರತಿ ದತ್ತಿಗೂ ಬೇರೆ ಬೇರೆ ಕಂಬಸಾಲಿನಲ್ಲಿ ಬೇರೆ ಬೇರೆ ಸೂತ್ರಗಳು ಬೇಕು.

ಸೂತ್ರಕ್ಕಿಂತ ಕೋಷ್ಟಕ ಮೇಲು

ಫಲಗಳ ಸಂಖ್ಯೆ ಹೆಚ್ಚಿದಂತೆ ಹೆಣೆದ ಸೂತ್ರವು ಅದನ್ನು ಬರೆದವರಿಗೂ ಅರ್ಥವಾಗದ ಸ್ಥಿತಿಗೆ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಗೆರೆಗಳನ್ನು ಸೂತ್ರದಿಂದ ಹೊರತೆಗೆದು ಒಂದು ಚಿಕ್ಕ ಕೋಷ್ಟಕದಲ್ಲಿ ಬರೆದಿಡುವುದು. ಎಡಗಡೆ ಕನಿಷ್ಠ ಅಂಕ, ಬಲಗಡೆ ಶ್ರೇಣಿ: 219ಕ್ಕೆ ಸಿ, 313ಕ್ಕೆ ಸಿ+, 375ಕ್ಕೆ ಬಿ, ಹೀಗೆ 563ರವರೆಗೆ. ಎಕ್ಸೆಲ್‌ನ 'ವಿ-ಲುಕಪ್' ಸೂತ್ರವು ಸಮೀಪದ ಹೊಂದಿಕೆಯ ವಿಧಾನದಲ್ಲಿ ಈ ಕೋಷ್ಟಕವನ್ನು ನೋಡಿ, ವಿದ್ಯಾರ್ಥಿಯ ಮೊತ್ತವನ್ನು ಮೀರದ ಅತ್ಯಂತ ದೊಡ್ಡ ಗೆರೆಯನ್ನು ಹುಡುಕಿ ಅದರ ಶ್ರೇಣಿಯನ್ನು ಕೊಡುತ್ತದೆ. ಇಲ್ಲಿ ಗೆರೆಗಳು ಕಡಿಮೆಯಿಂದ ಹೆಚ್ಚಿಗೆ ಏರುವ ಕ್ರಮದಲ್ಲಿ ಇರಲೇಬೇಕು. ಹೆಣೆದ ಸೂತ್ರದ ಇಳಿಯುವ ಕ್ರಮಕ್ಕೆ ಇದು ತಿರುವುಮುರುವು ಎಂಬುದನ್ನು ಮರೆಯಬಾರದು.

ಕೋಷ್ಟಕದಿಂದ ಎರಡು ಲಾಭಗಳಿವೆ. ಗಣಕಯಂತ್ರದ ಸೂತ್ರ ತಿಳಿಯದ ಹಿರಿಯ ಶಿಕ್ಷಕರೂ ಆಡಳಿತ ಮಂಡಳಿಯ ಸದಸ್ಯರೂ ಕೋಷ್ಟಕವನ್ನು ಓದಿ ಸರಿ-ತಪ್ಪುಗಳನ್ನು ಹೇಳಬಲ್ಲರು, ಇದು ಮೊದಲನೆಯದು. ನಿಯಮ ಬದಲಾದಾಗ ಕೋಷ್ಟಕದ ಒಂದು ಕೋಶವನ್ನು ತಿದ್ದಿದರೆ ಸಾಕು, ಇದು ಎರಡನೆಯದು. 219 ಎಂಬ ಸಂಖ್ಯೆಯನ್ನು ನೂರಾರು ಸಾಲುಗಳ ಸೂತ್ರದೊಳಗೆ ಹುದುಗಿಸಿಟ್ಟ ಶಾಲೆಯು 206ರ ನಿಯಮ ಬಂದಾಗ ಎಲ್ಲಿ ತಿದ್ದಿತು, ಎಲ್ಲಿ ಮರೆಯಿತು ಎಂಬುದನ್ನು ತಿಳಿಯುವುದೇ ಕಷ್ಟ. ಕೋಷ್ಟಕದಲ್ಲಿ ವರ್ಷದ ಕಂಬಸಾಲನ್ನೂ ಸೇರಿಸುವುದು ಇನ್ನೂ ಉತ್ತಮ. 210 ಅಂಕಗಳು ಶೇಕಡಾ 35ರ ನಿಯಮದ ಸಾಲಿನಲ್ಲಿ ಒಂದು ಫಲವನ್ನು ಕೊಡುತ್ತಿದ್ದವು. ಹೊಸ ನಿಯಮದ ಸಾಲಿನಲ್ಲಿ ಬೇರೆ ಫಲವನ್ನು ಕೊಡುತ್ತವೆ. ಹಳೆಯ ವಿದ್ಯಾರ್ಥಿಗಳ ದಾಖಲೆಯನ್ನು ಹೊಸ ಗೆರೆಯಿಂದ ಅಳೆದರೆ ಇತಿಹಾಸವೇ ತಿದ್ದಿಹೋಗುತ್ತದೆ.

ಪರೀಕ್ಷಿಸುವ ಕ್ರಮ

ಮಕ್ಕಳನ್ನು ಪರೀಕ್ಷಿಸುವ ಸೂತ್ರವನ್ನೂ ಒಮ್ಮೆ ಪರೀಕ್ಷೆಗೆ ಕೂಡಿಸಬೇಕು. ಇದಕ್ಕೆ ನಿಜವಾದ ಹೆಸರುಗಳು ಬೇಕಾಗಿಲ್ಲ. ಆರು ಗೆರೆಗಳಲ್ಲಿ ಪ್ರತಿಯೊಂದಕ್ಕೂ ಒಂದಂಕ ಕೆಳಗೆ, ಸರಿಯಾಗಿ ಗೆರೆಯ ಮೇಲೆ, ಒಂದಂಕ ಮೇಲೆ, ಹೀಗೆ ಮೂರು ಸಾಲುಗಳಂತೆ 18 ಸಾಲುಗಳು. ಅದಕ್ಕೆ ಸೊನ್ನೆ, 625, ಅಸಾಧ್ಯವಾದ 626, ಖಾಲಿ, ಗೈರು, ತಡೆಹಿಡಿದುದು ಎಂಬ ಆರು ಸಾಲುಗಳನ್ನು ಸೇರಿಸಿದರೆ ಒಟ್ಟು 24. ಈ 24 ಕಾಲ್ಪನಿಕ ವಿದ್ಯಾರ್ಥಿಗಳಿಗೆ ಏನು ಫಲ ಬರಬೇಕೆಂಬುದನ್ನು ಮೊದಲು ಕಾಗದದ ಮೇಲೆ ಕೈಯಿಂದ ಬರೆದಿಟ್ಟು, ಬಳಿಕ ಸೂತ್ರ ಕೊಟ್ಟ ಉತ್ತರದೊಡನೆ ತಾಳೆ ನೋಡಬೇಕು. ವಿಷಯವಾರು ಕನಿಷ್ಠಾಂಕಕ್ಕೂ ಇದೇ ರೀತಿಯ ಸಾಲುಗಳನ್ನು ಹೊಂದಿಸಬಹುದು. ಕೊನೆಗೆ ಎಲ್ಲ ಶಾಖೆಗಳಲ್ಲಿರುವವರ ಸಂಖ್ಯೆಗಳನ್ನು ಕೂಡಿ, ಅದು ಹಾಜರಿ ಪುಸ್ತಕದಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆಗೆ ಸಮವಾಗಿದೆಯೆ ಎಂದು ನೋಡಬೇಕು. ಅರ್ಧ ಗಂಟೆಯ ಈ ಕೆಲಸವು ಒಂದು ಮಗುವಿನ ಒಂದು ವರ್ಷವನ್ನು ಉಳಿಸಬಲ್ಲದು.

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಪರಂಪರೆಯಲ್ಲಿ ಲೆಕ್ಕವೆಂಬುದು ಕೇವಲ ಅಂಕಿಗಳ ಆಟವಾಗಿರಲಿಲ್ಲ. ಅದೂ ಕಾಯಕವೇ ಆಗಿತ್ತು. ದಾನಿಯು ಕೊಟ್ಟ ರೂಪಾಯಿಯು ಸಲ್ಲಬೇಕಾದ ಮಗುವಿಗೇ ಸಲ್ಲಿತೆ, ಓದಿದ ಮಗುವಿಗೆ ಓದಿದ ಫಲ ದೊರೆಯಿತೆ ಎಂಬ ಪ್ರಶ್ನೆಗಳಿಗೆ ಇಂದು ಉತ್ತರ ಹೇಳುತ್ತಿರುವುದು ಕಣ್ಣಿಗೆ ಕಾಣದ ಒಂದು ಸಾಲು ಸೂತ್ರ. ಆ ಸೂತ್ರದಲ್ಲಿ ಪ್ರತಿಯೊಂದು ಮಗುವಿಗೂ ಒಂದು ಸ್ಥಾನವಿರಬೇಕು, ಒಂದೇ ಸ್ಥಾನವಿರಬೇಕು, ಆ ಸ್ಥಾನ ಏಕೆ ಬಂದಿತೆಂದು ಕೇಳಿದವರಿಗೆ ಓದಿ ಹೇಳುವಂತಿರಬೇಕು. 'ಉಳಿದವರು' ಎಂಬ ಒಂದೇ ಮಾತಿನಲ್ಲಿ ಯಾರನ್ನೂ ಮುಗಿಸಿಬಿಡದ ಶಾಲೆಯೇ ತನ್ನ ಮಕ್ಕಳ ಲೆಕ್ಕವನ್ನು ಸರಿಯಾಗಿ ಇಟ್ಟ ಶಾಲೆ.